ಹೊಸ ಕ್ಯಾಲಿಪರ್ ಹಾಕಿದ ಮೇಲೆ ಬ್ರೇಕಿನ ಗಾಳಿ ತೆಗೆಯುವ ಬಗೆ

ಚಕ್ರದ ಜೊತೆ ತಿರುಗುವ ಡಿಸ್ಕನ್ನು ಎರಡು ಪ್ಯಾಡುಗಳ ನಡುವೆ ಅದುಮಿ ಹಿಡಿದು ಕಾರನ್ನು ನಿಲ್ಲಿಸುವ ಭಾಗವೇ ಕ್ಯಾಲಿಪರ್. ಕಾರಿಗೆ ಮೊದಲಿಗಿಂತ ದೊಡ್ಡದಾದ ಹೊಸ ಕ್ಯಾಲಿಪರ್ ಕೂರಿಸಿ ಬೋಲ್ಟ್ ಬಿಗಿದ ಮೇಲೆ, ಆಯಿಲ್ ಬಾಟಲಿಗೆ ಕೈ ಹಾಕುವ ಮೊದಲು ಸ್ವಲ್ಪ ದೂರ ಸರಿದು ನಿಂತು ಒಂದು ಸಂಗತಿಯನ್ನು ನೋಡಿ. ಗಾಳಿ ಬಿಡುವ ನಿಪ್ಪಲ್ ಕ್ಯಾಲಿಪರಿನ ನೆತ್ತಿಯ ಕಡೆ ಇದೆಯೋ, ಬುಡದ ಕಡೆ ಇದೆಯೋ? ಬುಡದಲ್ಲಿದ್ದರೆ ಎಡಗಡೆಯ ಕ್ಯಾಲಿಪರ್ ಬಲಕ್ಕೂ ಬಲಗಡೆಯದು ಎಡಕ್ಕೂ ಹೋಗಿವೆ. ಬಹಳಷ್ಟು ಕ್ಯಾಲಿಪರುಗಳಲ್ಲಿ ಬೋಲ್ಟಿನ ತೂತುಗಳು ಎರಡೂ ಕಡೆ ಒಂದೇ ಅಳತೆಯಲ್ಲಿರುವುದರಿಂದ ಅವು ಅಡ್ಡಿಯಿಲ್ಲದೆ ಕೂರುತ್ತವೆ, ಡಿಸ್ಕ್ ಸರಾಗವಾಗಿ ತಿರುಗುತ್ತದೆ, ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ.

ಹುಬ್ಬಳ್ಳಿಯಲ್ಲಿ ನಮ್ಮ ಮನೆಯ ಅಂಗಳದಲ್ಲಿ ನಾನು ಮಾಡಿದ್ದು ಇದನ್ನೇ. ಬೆಳಿಗ್ಗೆ ಎಂಟಕ್ಕೆ ಶುರು ಮಾಡಿ ಮಧ್ಯಾಹ್ನದ ಹೊತ್ತಿಗೆ ಒಂದು ಲೀಟರ್ ಆಯಿಲ್ ಮುಗಿಸಿದ್ದೆ. ಪೆಡಲ್ ಮಾತ್ರ ಹೋಳಿಗೆಯ ಕಣಕವನ್ನು ಬೆರಳಿನಿಂದ ಒತ್ತಿದ ಹಾಗೆ ಒಳಗೆ ಹೋಗುತ್ತಲೇ ಇತ್ತು. ನಮ್ಮ ಓಣಿಯಲ್ಲಿ ಬಸ್ ಡಿಪೋದಲ್ಲಿ ದುಡಿದು ನಿವೃತ್ತರಾದ ಒಬ್ಬ ಕಾಕಾ ಇದ್ದಾರೆ. ಅವರು ಬಂದು ಚಕ್ರದ ಗೂಡಿನೊಳಗೆ ಬಗ್ಗಿ ನೋಡಿ, "ಗಾಳಿ ಮೇಲೆ ಕೂತಿದೆ, ಬಾಗಿಲು ಕೆಳಗಿದೆ. ಅದು ಹೊರಗೆ ಬರುವುದಾದರೂ ಹೇಗಪ್ಪಾ?" ಎಂದರು. ಕ್ಯಾಲಿಪರುಗಳನ್ನು ಅದಲುಬದಲು ಮಾಡಿದ ಅರ್ಧ ಗಂಟೆಯಲ್ಲಿ ಪೆಡಲ್ ಗಟ್ಟಿಯಾಯಿತು.

ಅಂದಿನಿಂದ ಈ ಕೆಲಸಕ್ಕೆ ಕೂತಾಗಲೆಲ್ಲ ಕಾಕಾನ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳುತ್ತೇನೆ. ಗಾಳಿ ಮೇಲೇರುತ್ತದೆ. ಎಷ್ಟು ಸಲ ಪೆಡಲ್ ಒತ್ತಿದಿರಿ ಎಂಬುದಕ್ಕಿಂತ, ಗಾಳಿ ಎಲ್ಲಿ ಕೂತಿದೆ, ಅದರ ದಾರಿ ಮೇಲ್ಮುಖವಾಗಿದೆಯೇ ಎಂಬುದು ಮುಖ್ಯ. ಕೆಳಗಿನ ಪ್ರತಿಯೊಂದು ಹಂತದಲ್ಲೂ ಈ ಮಾತೇ ದಾರಿ ತೋರಿಸುತ್ತದೆ.

ಸ್ವಲ್ಪ ಗಾಳಿ ಉಳಿದರೆ ಏನಾದೀತು ಎಂದು ಕೇಳುವವರಿದ್ದಾರೆ. ಲೆಕ್ಕ ಹಾಕಿ ನೋಡೋಣ. ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳ ಕಡೆ ತಳ್ಳುವ ಮಾಸ್ಟರ್ ಸಿಲಿಂಡರಿನ ಒಳವ್ಯಾಸ 20.6 ಮಿಲಿಮೀಟರ್ ಇದ್ದರೆ ಅದರ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 3.3 ಚದರ ಸೆಂಟಿಮೀಟರ್. ಒಂದೇ ಒಂದು ಸಿಸಿ ಗಾಳಿ ಒಳಗೆ ಉಳಿದರೂ ಅದು ಅದುಮಿಹೋಗುವಷ್ಟರಲ್ಲಿ ಪಿಸ್ಟನ್ 3 ಮಿಲಿಮೀಟರ್ ಮುಂದೆ ಹೋಗಿರುತ್ತದೆ. ಪೆಡಲಿನ ಸನ್ನೆ ನಾಲ್ಕು ಪಟ್ಟು ಎಂದು ಹಿಡಿದರೆ ನಿಮ್ಮ ಕಾಲಿನ ಕೆಳಗೆ 12 ಮಿಲಿಮೀಟರ್ ಕಳೆದುಹೋಯಿತು. ಅಷ್ಟು ದೂರ ಒತ್ತಿದ್ದರಿಂದ ಬ್ರೇಕಿಗೆ ಸಿಕ್ಕಿದ್ದು ಏನೂ ಇಲ್ಲ.

ಆಯಿಲ್ ಯಾವುದು?

ಗ್ಯಾರೇಜುಗಳಲ್ಲಿ ಬ್ರೇಕ್ ಆಯಿಲ್ ಎಂದೇ ಕರೆದರೂ ಇದು ಎಣ್ಣೆಯ ಜಾತಿಗೆ ಸೇರಿದ್ದಲ್ಲ. ಡಾಟ್ 3, ಡಾಟ್ 4, ಡಾಟ್ 5.1 ಎಂಬ ಮೂರೂ ದರ್ಜೆಗಳು ಗ್ಲೈಕಾಲ್ ಜಾತಿಯ ದ್ರವಗಳು, ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುವಂಥವು. ಹೊಸದಾಗಿದ್ದಾಗ ಡಾಟ್ 3 ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು, ಡಾಟ್ 4ಕ್ಕೆ 230, ಡಾಟ್ 5.1ಕ್ಕೆ 260. ಶೇಕಡ 3.7ರಷ್ಟು ನೀರು ಹೀರಿಕೊಂಡ ಮೇಲೆ ಇದೇ ಅಂಕಿಗಳು 140, 155 ಮತ್ತು 180ಕ್ಕೆ ಇಳಿಯುತ್ತವೆ. ಧಾರವಾಡದ ಮಳೆಗಾಲದಲ್ಲಿ ಮುಚ್ಚಳ ಸಡಿಲವಾಗಿ ಇಟ್ಟ ಬಾಟಲಿಗೆ ಈ ಗತಿ ಬರಲು ಹೆಚ್ಚು ದಿನ ಬೇಕಾಗುವುದಿಲ್ಲ.

ನಮ್ಮ ಭಾಗದವರು ಈ ಅಂಕಿಗಳನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ ದಾಟಿ ಅಂಕೋಲೆಯ ಕಡೆ ಹೊರಟರೆ ಅರಬೈಲ್ ಘಟ್ಟ ಇಳಿಯಲೇಬೇಕು. ತುಂಬಿದ ಕಾರು, ಮುಂದೆ ತೆವಳುವ ಲಾರಿ, ಬಿಡದೆ ಒತ್ತಿದ ಬ್ರೇಕ್. ಇಷ್ಟಾದರೆ ಹಳೆಯ ಆಯಿಲ್ ಕ್ಯಾಲಿಪರಿನೊಳಗೆ ಕುದಿದು ಆವಿಯಾಗುತ್ತದೆ. ಆವಿಯೂ ಗಾಳಿಯಂತೆಯೇ ಅದುಮಿಹೋಗುವುದರಿಂದ ಪೆಡಲ್ ಕೆಳಗೆ ಇಳಿಯುತ್ತದೆ. ಕ್ಯಾಲಿಪರಿಗೆ ಸಾವಿರಾರು ರೂಪಾಯಿ ಸುರಿದು ಹಳೆಯ ಆಯಿಲನ್ನೇ ಉಳಿಸಿಕೊಳ್ಳುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಸೀಲ್ ಒಡೆಯದ 500 ಮಿಲಿಲೀಟರಿನ ಎರಡು ಬಾಟಲಿ ತೆಗೆದುಕೊಳ್ಳಿ. ಆಯಿಲ್ ಟ್ಯಾಂಕಿನ ಮುಚ್ಚಳದ ಮೇಲೆ ಬರೆದ ದರ್ಜೆಯನ್ನು ನೋಡಿಕೊಳ್ಳಿ. ಡಾಟ್ 3 ಎಂದಿದ್ದ ಕಡೆ ಸಾಮಾನ್ಯವಾಗಿ ಡಾಟ್ 4 ಹಾಕಬಹುದು, ಕೆಳಗಿನ ದರ್ಜೆಗೆ ಮಾತ್ರ ಇಳಿಯಬೇಡಿ. ಬರೀ ಡಾಟ್ 5 ಎಂದು ಬರೆದದ್ದು ಸಿಲಿಕೋನ್ ಜಾತಿಯದು. 5.1ರ ಜೊತೆ ಹೆಸರು ಹೋಲುತ್ತದೆಂದು ಮೋಸಹೋಗಿ ಅದನ್ನು ಇವುಗಳ ಜೊತೆ ಬೆರೆಸಬಾರದು.

ಇನ್ನೊಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಬ್ರೇಕಿನ ಭಾಗಗಳನ್ನು ಡೀಸೆಲ್, ಪೆಟ್ರೋಲ್, ಸೀಮೆಎಣ್ಣೆಯಲ್ಲಿ ತೊಳೆಯುವ ರೂಢಿ ನಮ್ಮಲ್ಲಿದೆ. ಕ್ಯಾಲಿಪರಿನೊಳಗಿನ ರಬ್ಬರ್ ಸೀಲುಗಳಿಗೆ ಇವು ವಿಷವಿದ್ದಂತೆ. ಸೀಲ್ ಉಬ್ಬಿ ಮೆತ್ತಗಾಗುತ್ತದೆ, ಪಿಸ್ಟನ್ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಸೋರುತ್ತದೆ. ಬ್ರೇಕ್ ಕ್ಲೀನರ್ ಇಲ್ಲವೇ ಹೊಸ ಬ್ರೇಕ್ ಆಯಿಲನ್ನೇ ಬಳಸಿ.

ನೆಲ ಮತ್ತು ಜಾಕ್

ಅಣ್ಣಿಗೇರಿ, ನವಲಗುಂದ, ಗದಗದ ಕಡೆಯವರ ಅಂಗಳ ಎರೆ ಮಣ್ಣಿನದಾಗಿದ್ದರೆ ಅಲ್ಲಿ ಜಾಕ್ ಹಾಕುವ ಯೋಚನೆ ಬಿಡಿ. ಬೇಸಿಗೆಯಲ್ಲಿ ಕಲ್ಲಿನಂತೆ ಕಾಣುವ ಎರೆ ನೆಲ ಒಂದು ಮಳೆಗೆ ಬೆಣ್ಣೆಯಾಗುತ್ತದೆ. ಫರಸಿ ಹಾಸಿದ ಅಂಗಳವಾದರೆ ಕಲ್ಲಿನ ಕೆಳಗೆ ಟೊಳ್ಳಿದ್ದರೂ ಇರಬಹುದು, ಆದ್ದರಿಂದ ದಪ್ಪ ಹಲಗೆಯ ಮೇಲೆ ಜಾಕ್ ಇಡಿ. ಕಾರು ಮೇಲೆದ್ದ ಕೂಡಲೇ ಸ್ಟ್ಯಾಂಡುಗಳ ಮೇಲೆ ಕೂರಿಸಿ, ನೆಲದ ಮೇಲಿರುವ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಡಿ. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ತೋಳನ್ನೂ ತೂರಿಸಬೇಡಿ.

ಬೇಕಾದ ಸಾಮಾನು ಕಡಿಮೆಯೇ. ನಿಪ್ಪಲಿಗೆ ಸರಿಹೊಂದುವ ರಿಂಗ್ ಪಾನಾ, ಸಾಮಾನ್ಯವಾಗಿ 8, 10 ಅಥವಾ 11 ನಂಬರಿನದು. ಬಾಯಿ ತೆರೆದ ಪಾನಾ ಹಾಕಿದರೆ ನಿಪ್ಪಲಿನ ಮೂಲೆಗಳು ಸವೆದು ಹೋಗುತ್ತವೆ. ಒಳಗಿರುವುದು ಕಾಣುವಂಥ ಪಾರದರ್ಶಕ ಪೈಪು, ನಿಪ್ಪಲಿನ ಮೇಲೆ ಬಿಗಿಯಾಗಿ ಕೂರಬೇಕು. ಒಂದು ಬಾಟಲಿ, ದೊಡ್ಡ ಸಿರಿಂಜ್, ರಬ್ಬರ್ ಸುತ್ತಿಗೆ, ಹಳೆಯ ಬಟ್ಟೆ, ಒಂದು ಬಕೆಟ್ ನೀರು. ಬ್ರೇಕ್ ಆಯಿಲ್ ಬಿದ್ದ ಕಡೆ ಬಣ್ಣ ಕಿತ್ತುಬರುವುದರಿಂದ ಒಂದು ಹನಿ ಬಿದ್ದರೂ ಕೂಡಲೇ ನೀರು ಸುರಿದು ತೊಳೆಯಬೇಕು.

ಕ್ಯಾಲಿಪರ್ ಬದಲಿಸುವಾಗಲೇ ಗಾಳಿಯನ್ನು ತಡೆಯುವುದು

ಹಳೆಯ ಕ್ಯಾಲಿಪರಿನ ಪೈಪು ಬಿಚ್ಚಿ ಬಿಟ್ಟರೆ ಮೇಲಿನ ಟ್ಯಾಂಕ್ ಪೂರ್ತಿ ಬರಿದಾಗುವವರೆಗೂ ಸೋರುತ್ತದೆ. ಟ್ಯಾಂಕ್ ಬರಿದಾದರೆ ಗಾಳಿ ಮಾಸ್ಟರ್ ಸಿಲಿಂಡರಿಗೂ, ಅಲ್ಲಿಂದ ಮುಂದೆ, ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ಪೆಟ್ಟಿಗೆಗೂ ನುಗ್ಗುತ್ತದೆ. ಇದನ್ನು ತಪ್ಪಿಸಲು ಸುಲಭವಾದ ಉಪಾಯವೊಂದಿದೆ. ಪೆಡಲನ್ನು ಮೂರ್ನಾಲ್ಕು ಸೆಂಟಿಮೀಟರ್ ಒತ್ತಿ, ಸೀಟಿಗೆ ಆನಿಸಿದ ಕೋಲಿನಿಂದ ಅಲ್ಲಿಯೇ ನಿಲ್ಲಿಸಿ. ಆಗ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಟ್ಯಾಂಕಿನಿಂದ ಬರುವ ರಂಧ್ರವನ್ನು ದಾಟಿ ಮುಚ್ಚುತ್ತದೆ, ಸೋರಿಕೆ ಕೆಲವು ಹನಿಗಳಲ್ಲಿ ನಿಲ್ಲುತ್ತದೆ. ಬ್ರೇಕ್ ದೀಪ ಉರಿಯುತ್ತಲೇ ಇರುವುದರಿಂದ ಬ್ಯಾಟರಿಯ ಒಂದು ತುದಿ ಬಿಚ್ಚಿಡಿ. ರಬ್ಬರ್ ಪೈಪನ್ನು ಇಕ್ಕಳದಿಂದ ಹಿಸುಕಿ ಹಿಡಿಯುವುದು ಬೇಡ. ಅದರ ಒಳಪದರ ಹರಿದರೆ ಹೊರಗಿನಿಂದ ಗೊತ್ತಾಗುವುದಿಲ್ಲ.

ಪೈಪು ಕ್ಯಾಲಿಪರಿಗೆ ಸೇರುವ ಬ್ಯಾಂಜೋ ಬೋಲ್ಟಿನ ಎರಡೂ ಬದಿಗೆ ಒಂದೊಂದು ತಾಮ್ರದ ವಾಷರ್ ಇರುತ್ತದೆ. ಎರಡನ್ನೂ ಹೊಸದಾಗಿ ಹಾಕಿ, ಯಾಕೆಂದರೆ ಒಮ್ಮೆ ಅದುಮಿದ ವಾಷರ್ ಎರಡನೆಯ ಸಲ ಸರಿಯಾಗಿ ಕೂರುವುದಿಲ್ಲ. ಬಿಗಿದ ಮೇಲೆ ಸ್ಟಿಯರಿಂಗನ್ನು ಎರಡೂ ಕೊನೆಗಳವರೆಗೆ ತಿರುಗಿಸಿ, ಪೈಪು ತಿರುಚಿಕೊಂಡಿದೆಯೋ ಚಕ್ರಕ್ಕೆ ತಾಗುತ್ತದೆಯೋ ನೋಡಿ. ಕ್ಯಾಲಿಪರ್ ದೊಡ್ಡದಾದ್ದರಿಂದ ಚಕ್ರವನ್ನೂ ಒಮ್ಮೆ ಹಾಕಿ ಕೈಯಿಂದ ತಿರುಗಿಸಿ. ಚಕ್ರದ ಒಳಗೆ ಅಂಟಿಸಿದ ತೂಕದ ಸೀಸ ಕ್ಯಾಲಿಪರಿಗೆ ಉಜ್ಜುವುದುಂಟು.

ಆಯಿಲ್ ಬಿಡುವುದು

ಸಿರಿಂಜಿನಿಂದ ಟ್ಯಾಂಕಿನಲ್ಲಿರುವ ಹಳೆಯ ಕಪ್ಪು ಆಯಿಲನ್ನು ಹೀರಿ ತೆಗೆದು ಹೊಸದನ್ನು ತುಂಬಿ. ಬುಡದ ರಂಧ್ರ ಕಾಣುವಷ್ಟು ಹೀರಬಾರದು. ಕೋಲು ತೆಗೆದು ಪೆಡಲನ್ನು ಬಿಡಿ. ಈಗ ಅವಸರವಿಲ್ಲದ ಹಂತ. ಹೊಸ ಕ್ಯಾಲಿಪರ್ ಪೂರ್ತಿ ಖಾಲಿಯಿದೆ, ಒಳಗೆ ಬರೀ ಗಾಳಿ. ಪೆಡಲ್ ಒತ್ತಿ ರಭಸದಿಂದ ತುಂಬಿಸಿದರೆ ಆಯಿಲ್ ನೊರೆಯಾಗಿ ಸಣ್ಣ ಗುಳ್ಳೆಗಳು ಮೂಲೆಮೂಲೆಗೆ ಅಂಟಿಕೊಳ್ಳುತ್ತವೆ. ಅದರ ಬದಲು ಟ್ಯಾಂಕಿನ ಮುಚ್ಚಳ ಸಡಿಲಿಸಿ, ನಿಪ್ಪಲಿಗೆ ಪೈಪು ಸಿಕ್ಕಿಸಿ, ನಿಪ್ಪಲನ್ನು ಅರ್ಧ ಸುತ್ತು ತೆರೆದು ಸುಮ್ಮನೆ ಬಿಡಿ. ಟ್ಯಾಂಕ್ ಎತ್ತರದಲ್ಲಿದೆ, ಆಯಿಲ್ ತನ್ನ ಭಾರದಿಂದಲೇ ಇಳಿದು ಕ್ಯಾಲಿಪರನ್ನು ಬುಡದಿಂದ ತುಂಬುತ್ತಾ ಗಾಳಿಯನ್ನು ನೆತ್ತಿಯ ನಿಪ್ಪಲಿನಿಂದ ಹೊರಗೆ ತಳ್ಳುತ್ತದೆ. ಹತ್ತು ಹದಿನೈದು ನಿಮಿಷ ಬೇಕಾಗಬಹುದು. ಈ ಹೊತ್ತಿನಲ್ಲಿ ಚಹಾ ಕುಡಿಯಲು ಒಳಗೆ ಹೋಗಬೇಡಿ, ಅಲ್ಲಿಗೇ ತರಿಸಿಕೊಳ್ಳಿ. ಟ್ಯಾಂಕಿನಲ್ಲಿ ಆಯಿಲ್ ಕಡಿಮೆಯಾಗುವುದನ್ನು ನೋಡುತ್ತಾ ತುಂಬುತ್ತಿರಬೇಕು. ಗುಳ್ಳೆ ನಿಂತು ಆಯಿಲ್ ಒಂದೇ ಎಳೆಯಾಗಿ ಬಂದ ಮೇಲೆ ನಿಪ್ಪಲ್ ಮುಚ್ಚಿ. ಎರಡೂ ಬದಿ ಹೀಗೆ ತುಂಬಿದ ಮೇಲೆ ಪೆಡಲನ್ನು ಹಲವು ಸಲ ಮೆಲ್ಲಗೆ ಒತ್ತಿ ಪ್ಯಾಡುಗಳು ಡಿಸ್ಕಿಗೆ ತಾಗುವಂತೆ ಮಾಡಿ.

ಮುಂದಿನ ಕೆಲಸಕ್ಕೆ ಇಬ್ಬರು ಬೇಕು. ನಾನು ಕಾಲೇಜಿಗೆ ಹೋಗುವ ಸೋದರಳಿಯನನ್ನು ಕರೆಯುತ್ತೇನೆ. ಅವನಿಗೆ ಮೊದಲೇ ಕಲಿಸಿರುವುದು ಎರಡೇ ಮಾತು. ನಾನು "ಒತ್ತು" ಎಂದರೆ ಮೆಲ್ಲಗೆ ಮೂರು ಸಲ ಒತ್ತಿ, ಮೂರನೆಯದನ್ನು ಹಿಡಿದು, "ಮಾಮಾ, ಹಿಡಿದಿದ್ದೇನೆ" ಎನ್ನಬೇಕು. ನಾನು ನಿಪ್ಪಲನ್ನು ಕಾಲು ಸುತ್ತು ತೆರೆಯುತ್ತೇನೆ, ಆಯಿಲ್ ಚಿಮ್ಮುತ್ತದೆ, ಪೆಡಲ್ ಕೆಳಗೆ ಹೋಗುತ್ತದೆ, ಮುಚ್ಚುತ್ತೇನೆ. "ಬಿಡು" ಎಂಬ ಮಾತು ಕಿವಿಗೆ ಬೀಳುವವರೆಗೂ ಕಾಲು ಎತ್ತುವಂತಿಲ್ಲ. ನಿಪ್ಪಲ್ ತೆರೆದಿರುವಾಗ ಕಾಲು ಎತ್ತಿದರೆ ಹೊರಗಿನ ಗಾಳಿಯನ್ನು ನಾವೇ ಒಳಗೆ ಎಳೆದುಕೊಂಡಂತೆ. ಇದೊಂದು ತಪ್ಪಿಗೆ ಅರ್ಧ ದಿನದ ಕೆಲಸ ನೀರಿನಲ್ಲಿ ಹೋಮವಾಗುತ್ತದೆ.

ಪೈಪು ನಿಪ್ಪಲಿನಿಂದ ಮೊದಲು ಮೇಲಕ್ಕೆ ಹೋಗಿ ನಂತರ ಬಾಟಲಿಗೆ ಇಳಿಯುವಂತೆ ಬಾಗಿರಲಿ. ಬಾಟಲಿಯಲ್ಲಿ ಎರಡು ಬೆರಳಿನಷ್ಟು ಹೊಸ ಆಯಿಲ್ ಹಾಕಿ ಪೈಪಿನ ತುದಿ ಅದರೊಳಗೆ ಮುಳುಗಿರಬೇಕು. ಹಳೆಯ ಕಾರಾಗಿದ್ದರೆ ಪೆಡಲಿನ ಕೆಳಗೆ ಮರದ ತುಂಡು ಇಟ್ಟು ಅದು ನೆಲಕ್ಕೆ ಹೋಗದಂತೆ ತಡೆಯಿರಿ. ಮಾಸ್ಟರ್ ಸಿಲಿಂಡರಿನ ಸೀಲುಗಳು ವರ್ಷಗಟ್ಟಲೆ ಓಡದ ಕೊನೆಯ ಭಾಗದಲ್ಲಿ ತುಕ್ಕು, ಕಸ ಕೂತಿರುತ್ತದೆ. ಅಲ್ಲಿಗೆ ಹೋದ ಸೀಲ್ ಗಾಯಗೊಂಡು, ಚೆನ್ನಾಗಿದ್ದ ಮಾಸ್ಟರ್ ಸಿಲಿಂಡರನ್ನೂ ಬದಲಿಸುವ ಪ್ರಸಂಗ ಬರುತ್ತದೆ.

ಯಾವ ಚಕ್ರ ಮೊದಲು? ಮಾಸ್ಟರ್ ಸಿಲಿಂಡರಿಗೆ ಅತಿ ದೂರದ್ದು ಮೊದಲು ಎಂಬುದು ಹಳೆಯ ಕ್ರಮ. ನಮ್ಮ ಬಲಬದಿಯ ಸ್ಟಿಯರಿಂಗಿನ ಕಾರುಗಳಲ್ಲಿ ಅದು ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ ಎಂದಾಗುತ್ತದೆ. ಆದರೆ ಅನೇಕ ಸಣ್ಣ ಕಾರುಗಳಲ್ಲಿ ಬ್ರೇಕಿನ ಎರಡು ಸಾಲುಗಳು ಮೂಲೆಯಿಂದ ಮೂಲೆಗೆ ಹೋಗಿರುತ್ತವೆ, ಅವುಗಳ ಕ್ರಮ ಬೇರೆ ಇರಬಹುದು. ಕಾರಿನ ಸರ್ವಿಸ್ ಕೈಪಿಡಿಯಲ್ಲಿ ಹೇಳಿದ್ದನ್ನೇ ಪಾಲಿಸಿ. ಮುಂದಿನ ಕ್ಯಾಲಿಪರ್ ಮಾತ್ರ ಬದಲಿಸಿದ್ದರೂ ಹಿಂದಿನ ಡ್ರಮ್ಮುಗಳ ಆಯಿಲನ್ನೂ ಬದಲಿಸಿಬಿಡಿ. ಹೇಗೂ ಕೈ ಕೊಳೆಯಾಗಿದೆ.

ಎರಡೂ ಬದಿಗೆ ಪಿಸ್ಟನ್ ಇರುವ ಕ್ಯಾಲಿಪರುಗಳಲ್ಲಿ ಗಾಳಿಯ ಆಟ ಜಾಸ್ತಿ. ಇಂಥವುಗಳಲ್ಲಿ ಒಳಭಾಗಕ್ಕೊಂದು, ಹೊರಭಾಗಕ್ಕೊಂದು ನಿಪ್ಪಲ್ ಇರುವುದು ಸಾಮಾನ್ಯ. ಎಡಕ್ಕೂ ಬಲಕ್ಕೂ ಹೊಂದುವಂತೆ ಮಾಡಿದ ಕೆಲವಕ್ಕೆ ಮೇಲೆ ಎರಡು, ಕೆಳಗೆ ಎರಡು ಎಂದು ನಾಲ್ಕು ಇರುತ್ತವೆ. ಕೆಳಗಿನವನ್ನು ಮುಟ್ಟುವುದೇ ಬೇಡ, ಮೇಲಿನ ಎರಡರಿಂದಲೂ ಗಾಳಿ ತೆಗೆಯಿರಿ. ಒಂದರಿಂದ ತೆಗೆದು ಮುಗಿಯಿತು ಎಂದುಕೊಂಡರೆ ಇನ್ನೊಂದು ಭಾಗದ ಗಾಳಿ ಅಲ್ಲೇ ಉಳಿಯುತ್ತದೆ. ಕ್ಯಾಲಿಪರಿನ ಜೊತೆ ಬಂದ ಕಾಗದದಲ್ಲಿ ಯಾವುದು ಮೊದಲು ಎಂದು ಬರೆದಿರುತ್ತದೆ. ನಾನಂತೂ ಎರಡನ್ನೂ ಒಂದು ಸುತ್ತು ಮುಗಿಸಿ ಮತ್ತೆ ಇನ್ನೊಂದು ಸುತ್ತು ಮಾಡುತ್ತೇನೆ. ಪ್ರತಿ ಸುತ್ತಿನ ನಡುವೆ ರಬ್ಬರ್ ಸುತ್ತಿಗೆಯಿಂದ ಕ್ಯಾಲಿಪರನ್ನು ಬುಡದಿಂದ ಮೇಲಕ್ಕೆ ಹಗುರವಾಗಿ ತಟ್ಟಿದರೆ, ಗೋಡೆಗೆ ಅಂಟಿದ ಗುಳ್ಳೆಗಳು ಬಿಟ್ಟು ಮೇಲೇರುತ್ತವೆ. ಪೈಪಿನಲ್ಲಿ ಸಾಸಿವೆ ಕಾಳಿನಷ್ಟು ದೊಡ್ಡ ಗುಳ್ಳೆಗಳು ಸಾಲಾಗಿ ಬರುವುದನ್ನು ಕಂಡಾಗ ಆಗುವ ಸಮಾಧಾನವನ್ನು ಈ ಕೆಲಸ ಮಾಡಿದವರೇ ಬಲ್ಲರು.

ಕೆಲವು ಕ್ಯಾಲಿಪರುಗಳು, ಅದರಲ್ಲೂ ಬೇರೆ ಮಾದರಿಯ ಕಾರಿನಿಂದ ತಂದು ಹೊಂದಿಸಿದವು, ಸರಿಯಾದ ಬದಿಯಲ್ಲಿದ್ದರೂ ಓರೆಯಾಗಿ ಕೂರುತ್ತವೆ. ನಿಪ್ಪಲಿಗಿಂತ ಮೇಲೆ ಒಂದು ಮೂಲೆ ಉಳಿದುಬಿಡುತ್ತದೆ. ಅಂಥದ್ದನ್ನು ಪೈಪು ಬಿಚ್ಚದೆಯೇ ಡಿಸ್ಕಿನಿಂದ ಕಳಚಿ, ಪ್ಯಾಡುಗಳ ನಡುವೆ ಡಿಸ್ಕಿನಷ್ಟೇ ದಪ್ಪದ ಪ್ಲೈವುಡ್ ತುಂಡು ಕೊಟ್ಟು, ನಿಪ್ಪಲ್ ನೆಟ್ಟಗೆ ಆಕಾಶ ನೋಡುವಂತೆ ಹಿಡಿದು ಗಾಳಿ ತೆಗೆಯಬೇಕು. ತುಂಡು ಕೊಡುವುದನ್ನು ಮರೆತರೆ ಪಿಸ್ಟನ್ ಹೊರಗೆ ಹಾರಿ ಬರುತ್ತದೆ.

ಮಾಡುವಾಗ ಟ್ಯಾಂಕ್ ಬರಿದಾಯಿತೆಂದು ಇಟ್ಟುಕೊಳ್ಳಿ. ಎಬಿಎಸ್ ಇರುವ ಕಾರಾದರೆ ಅದರ ಕವಾಟಗಳ ಹಿಂದೆ ಗಾಳಿ ಸೇರಿರಬಹುದು, ಪೆಡಲ್ ಎಷ್ಟು ಒತ್ತಿದರೂ ಅದು ಬಾರದು. ಸ್ಕ್ಯಾನರ್ ಇರುವ ಗ್ಯಾರೇಜಿನಲ್ಲಿ ಎಬಿಎಸ್ ಪಂಪನ್ನು ಓಡಿಸಿ ಗಾಳಿ ತೆಗೆಸಬೇಕು. ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆ ಹೋಗಿ ಕೇಳಿದರೆ ಅಂಥವರು ಸಿಗುತ್ತಾರೆ, ಆದರೆ ಮೆತ್ತಗಿನ ಪೆಡಲಿನ ಕಾರನ್ನು ಅಲ್ಲಿಯವರೆಗೆ ಓಡಿಸಿಕೊಂಡು ಹೋಗಬೇಡಿ, ಎಳೆಸಿಕೊಂಡು ಹೋಗಿ.

ಪೆಡಲ್ ಏನು ಹೇಳುತ್ತದೆ?

ಎಂಜಿನ್ ಆರಿಸಿಯೇ ಪೆಡಲನ್ನು ಒತ್ತಿ ನೋಡಿ. ಮೊದಲ ಒತ್ತಿಗೇ ಮೇಲ್ಭಾಗದಲ್ಲಿ ಗಟ್ಟಿಯಾಗಿ ನಿಂತರೆ ಒಳ್ಳೆಯದು. ಮೆತ್ತಗಿದ್ದು, ನಾಲ್ಕೈದು ಸಲ ಒತ್ತಿದ ಮೇಲೆ ಗಟ್ಟಿಯಾಗಿ, ಒಂದು ನಿಮಿಷ ಬಿಟ್ಟರೆ ಮತ್ತೆ ಮೆತ್ತಗಾದರೆ ಗಾಳಿ ಉಳಿದಿದೆ. ಗಟ್ಟಿಯಾಗಿ ನಿಂತದ್ದು ಕಾಲಿನ ಕೆಳಗೆ ಮೆಲ್ಲಗೆ ಇಳಿಯುತ್ತಾ ಹೋದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ ಸೀಲ್ ಹೋಗಿದೆ. ಬ್ಯಾಂಜೋ ಬೋಲ್ಟಿನ ಸುತ್ತ ಒಣ ಕಾಗದ ಒತ್ತಿ ನೋಡಿ, ತೇವವಿದ್ದರೆ ಅಲ್ಲಿಯೇ ತಿಳಿಯುತ್ತದೆ. ಪೆಡಲ್ ಗಟ್ಟಿಯಾಗಿಯೇ ಇದ್ದು, ಮೊದಲಿಗಿಂತ ತುಸು ಕೆಳಗೆ ನಿಲ್ಲುತ್ತಿದ್ದರೆ ಗಾಬರಿ ಬೇಡ. ಉದಾಹರಣೆಗೆ ಹಳೆಯ ಕ್ಯಾಲಿಪರಿನಲ್ಲಿ 54 ಮಿಲಿಮೀಟರಿನ ಒಂದು ಪಿಸ್ಟನ್ ಇತ್ತು ಎನ್ನಿ, ವಿಸ್ತೀರ್ಣ 22.9 ಚದರ ಸೆಂಟಿಮೀಟರ್. ಹೊಸದರಲ್ಲಿ ಪ್ರತಿ ಬದಿಗೆ 40 ಮಿಲಿಮೀಟರಿನ ಎರಡು ಇದ್ದರೆ 25.1. ಅಂದರೆ ಸುಮಾರು ಶೇಕಡ 10ರಷ್ಟು ಹೆಚ್ಚು ಆಯಿಲನ್ನು ಮಾಸ್ಟರ್ ಸಿಲಿಂಡರ್ ತಳ್ಳಬೇಕು, ಅದಕ್ಕೆ ತಕ್ಕಂತೆ ಪೆಡಲ್ ಹೆಚ್ಚು ಚಲಿಸುತ್ತದೆ. ಇದನ್ನು ಗಾಳಿ ಎಂದು ತಿಳಿದು ಲೀಟರುಗಟ್ಟಲೆ ಆಯಿಲ್ ಚೆಲ್ಲಿದವರನ್ನು ನಾನು ಕಂಡಿದ್ದೇನೆ. ಈ ವ್ಯತ್ಯಾಸ ತೀರಾ ಹೆಚ್ಚಾಗಿದ್ದರೆ ಕ್ಯಾಲಿಪರಿನ ಆಯ್ಕೆಯೇ ತಪ್ಪು, ಗಾಳಿ ತೆಗೆಯುವುದರಿಂದ ಅದು ಸರಿಹೋಗುವುದಿಲ್ಲ.

ಆಮೇಲೆ ಪೆಡಲನ್ನು ಒತ್ತಿ ಹಿಡಿದೇ ಎಂಜಿನ್ ಚಾಲೂ ಮಾಡಿ. ಪೆಡಲ್ ಸ್ವಲ್ಪ ಕೆಳಗೆ ಜಾರುತ್ತದೆ. ಅದು ಕಾಲಿನ ಒತ್ತಿಗೆ ಬಲ ಸೇರಿಸುವ ಬ್ರೇಕ್ ಬೂಸ್ಟರ್ ಕೆಲಸ ಮಾಡುತ್ತಿರುವ ಗುರುತು.

ನಿಪ್ಪಲುಗಳನ್ನು ಹದವಾಗಿ ಬಿಗಿಯಿರಿ. ಅವು ನಡುವೆ ಟೊಳ್ಳಾದ ಸಣ್ಣ ಬೋಲ್ಟುಗಳು, ಜೋರು ಮಾಡಿದರೆ ಮುರಿದು ಕ್ಯಾಲಿಪರಿನೊಳಗೇ ಉಳಿಯುತ್ತವೆ. ಧೂಳು ಹೋಗದಂತೆ ರಬ್ಬರ್ ಟೊಪ್ಪಿಗೆ ಹಾಕಿ. ಟ್ಯಾಂಕನ್ನು ಮೇಲಿನ ಗೆರೆಯವರೆಗೆ ತುಂಬಿ, ಪ್ಯಾಡು, ಡಿಸ್ಕುಗಳನ್ನು ಬ್ರೇಕ್ ಕ್ಲೀನರಿನಿಂದ ಒರೆಸಿ, ಚಕ್ರ ಹಾಕಿ.

ರಸ್ತೆಗೆ ಇಳಿಯುವ ಮೊದಲು

ಮೊದಲ ಪರೀಕ್ಷೆ ನಿಮ್ಮ ಓಣಿಯಲ್ಲೇ, ನಡೆಯುವಷ್ಟು ವೇಗದಲ್ಲಿ, ಕೈ ಹ್ಯಾಂಡ್‌ಬ್ರೇಕಿನ ಮೇಲಿರಲಿ. ಹತ್ತು ಸಲ ನಿಲ್ಲಿಸಿ ನೋಡಿ. ಕಾರು ಒಂದು ಬದಿಗೆ ಎಳೆದರೆ ಆ ಬದಿಯದಲ್ಲ, ಎದುರು ಬದಿಯ ಬ್ರೇಕನ್ನು ಮೊದಲು ಅನುಮಾನಿಸಿ. ಅಲ್ಲಿ ಹಿಡಿತ ಕಡಿಮೆಯಾಗಿರುತ್ತದೆ. ಚಿಗರಿ ಬಸ್ಸುಗಳು ಓಡುವ ಹುಬ್ಬಳ್ಳಿ-ಧಾರವಾಡ ರಸ್ತೆಯಾಗಲಿ ಬೈಪಾಸ್ ಆಗಲಿ ಇಂಥ ಪರೀಕ್ಷೆಗೆ ತಕ್ಕ ಜಾಗವಲ್ಲ. ಬೆಳಗಿನ ಜಾವ ಖಾಲಿಯಿರುವ ನೇರ ರಸ್ತೆಯೊಂದನ್ನು ಹುಡುಕಿ, ಗಂಟೆಗೆ 50-60 ಕಿಲೋಮೀಟರ್ ವೇಗದಿಂದ 10ಕ್ಕೆ ಇಳಿಸುವುದನ್ನು ಎಂಟು ಹತ್ತು ಸಲ ಮಾಡಿ. ನಡುವೆ ಪೂರ್ತಿ ನಿಲ್ಲಿಸಬೇಡಿ. ಕಾದ ಪ್ಯಾಡು ಡಿಸ್ಕಿನ ಒಂದೇ ಕಡೆ ಒತ್ತಿ ನಿಂತರೆ ಅಲ್ಲಿ ಕಲೆ ಕೂತು ಮುಂದೆ ಪೆಡಲ್ ನಡುಗುತ್ತದೆ. ಕೊನೆಗೆ ಕೆಲವು ಕಿಲೋಮೀಟರ್ ಬ್ರೇಕ್ ಮುಟ್ಟದೆ ಓಡಿಸಿ ತಣಿಯಲು ಬಿಡಿ.

ಕಾರನ್ನು ತಯಾರಕರು ಕೊಟ್ಟದ್ದಕ್ಕಿಂತ ಬೇರೆ ರೀತಿ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮಿನ ನಿರ್ಬಂಧವಿದೆ. ಕ್ಯಾಲಿಪರ್ ಕೊಳ್ಳುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ವಿಮಾ ಕಂಪನಿಗೂ ತಿಳಿಸಿ.

ತೆಗೆದ ಹಳೆಯ ಆಯಿಲನ್ನು ಚರಂಡಿಗೆ ಸುರಿಯಬೇಡಿ, ಮುಚ್ಚಳವಿರುವ ಬಾಟಲಿಯಲ್ಲಿ ತುಂಬಿ ಬಳಸಿದ ಎಂಜಿನ್ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ. ಅದು ವಿಷ. ಮೇಲೆ ಹೆಸರು ಬರೆದು ಮಕ್ಕಳ ಕೈಗೆ ಸಿಗದಂತೆ ಇಡಿ, ತಂಪು ಪಾನೀಯದ ಬಾಟಲಿಯಲ್ಲಂತೂ ಇಡಲೇಬೇಡಿ.

ನೂರು ಕಿಲೋಮೀಟರ್ ಓಡಿದ ಮೇಲೆ ನಿಪ್ಪಲ್, ಬ್ಯಾಂಜೋ ಬೋಲ್ಟುಗಳನ್ನು ಮತ್ತೊಮ್ಮೆ ಒಣ ಕಾಗದದಿಂದ ಪರೀಕ್ಷಿಸಿ, ಟ್ಯಾಂಕಿನ ಮಟ್ಟ ನೋಡಿ. ಘಟ್ಟದ ಕಡೆ ಮೊದಲ ಸಲ ಹೊರಟಾಗ ಯಲ್ಲಾಪುರ ದಾಟಿದ ಮೇಲೆ ಇಳಿಜಾರು ಶುರುವಾಗುವ ಮುಂಚೆ ಒಂದು ಕಡೆ ನಿಲ್ಲಿಸಿ. ಕೆಳಗಿಳಿದು ನಾಲ್ಕು ಚಕ್ರಗಳ ಒಳಬದಿಯನ್ನೂ ನೋಡಿ, ಪೆಡಲನ್ನು ಒಮ್ಮೆ ಬಲವಾಗಿ ಒತ್ತಿ ಅರ್ಧ ನಿಮಿಷ ಹಿಡಿಯಿರಿ. ಅದು ಕದಲದೆ ನಿಂತರೆ ಎರಡನೆಯ ಗೇರಿಗೆ ಹಾಕಿ ಇಳಿಯಿರಿ.